ಇಪ್ಪತ್ತು ಮೀಟರ್ ವೈರ್

ರಾಯಚೂರಿನ ತನ್ನ ಮನೆಯ ಮಹಡಿಯಲ್ಲಿ ಜಗದೀಶ ನನ್ನನ್ನು ಎರಡು ದೊಡ್ಡ ಸ್ಪೀಕರುಗಳ ಮುಂದೆ ಕೂರಿಸಿ ಹಾಡು ಹಚ್ಚಿದ. ೧೯೯೯ರಲ್ಲಿ ದೇವದುರ್ಗದ ಕಡೆಯ ಒಂದು ಊರಿನಲ್ಲಿ ನಮ್ಮ ‘ಎರಿಮಣ್ಣು’ ಬ್ಯಾಂಡ್ ಕೊಟ್ಟ ಕಾರ್ಯಕ್ರಮದ ಧ್ವನಿಮುದ್ರಣ ಅದು. ಗಿಟಾರು, ಡ್ರಮ್ಮಿನ ಜೊತೆ ತತ್ವಪದ ಹಾಡುತ್ತಿದ್ದೆವು. ಬ್ಯಾಂಡ್ ಕಟ್ಟಿದ ಜಗದೀಶ ಅದನ್ನು ಕಂಟ್ರಿ ರಾಕ್ ಎನ್ನುತ್ತಿದ್ದ. ನಾನು ಹಾಡುವವನಲ್ಲ; ಆಗಷ್ಟೇ ಬಿಎಸ್ಸಿ ಮುಗಿಸಿದ್ದ ನನ್ನದು ಮೈಕು, ವೈರು, ರೆಕಾರ್ಡಿಂಗ್ ಕೆಲಸ. ಎಂದೂ ಬಿಡುಗಡೆಯಾಗದ ಆ ಕ್ಯಾಸೆಟ್ಟನ್ನು ಇಪ್ಪತ್ತಾರು ವರ್ಷ, ಮೊದಲು ಮನೆಯಲ್ಲಿ, ಆಮೇಲೆ ನಾನು ಪಾಠ ಮಾಡುವ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಬೀರುವಿನಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣಗಳ ನಡುವೆ ಕಾದಿಟ್ಟವನೂ ನಾನೇ. ಈಗ ಅದನ್ನು ಕಂಪ್ಯೂಟರಿಗೆ ಇಳಿಸಿ ಜಗದೀಶನಿಗೆ ಕೊಟ್ಟಿದ್ದೆ. ಮುಂದಿನ ವಾರ ಬಿಡುಗಡೆ.

ಮೊದಲ ಪದ ಶುರುವಾದೊಡನೆ ಕೈ ಎತ್ತಿ ನಿಲ್ಲಿಸಿದೆ.

“ಹುಲಗಪ್ಪ ಎಲ್ಲಿ?”

ತತ್ವಪದದಲ್ಲಿ ಒಬ್ಬ ಸಾಲು ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ನಮ್ಮಲ್ಲಿ ಎತ್ತುತ್ತಿದ್ದವನು ಪೋತ್ನಾಳದ ಕೂಲಿಕಾರ ಹುಲಗಪ್ಪ. ನಾವು ಹಾಡಿದ ಅಷ್ಟೂ ಪದ ಅವನ ಬಾಯಿಂದ ಕಲಿತವು. ಈಗ ಅವನು ಎತ್ತಬೇಕಾದ ಜಾಗದಲ್ಲಿ ಮೊನ್ನೆ ಮೊನ್ನೆ ನುಡಿಸಿ ಸೇರಿಸಿದ ಗಿಟಾರು ಕೇಳುತ್ತಿತ್ತು.

“ಅವನ ಮುಂದ ಮೈಕ್ ಎಲ್ಲಿತ್ತಲೇ ಆನಂದ? ಡ್ರಮ್ಮಿನ ಮೈಕಿನಾಗ ಒಂಚೂರು ನುಸುಳಿತ್ತು. ಸ್ಟುಡಿಯೋದವ ಗದ್ದಲ ಅಂತ ಬಳದು ಒಗದಾನ.”

“ಅದು ಗದ್ದಲ ಅಲ್ಲ.”

“ನಿನಗ ಗೊತ್ತದ, ನನಗ ಗೊತ್ತದ. ಮಷೀನಿಗೆ ಗೊತ್ತೇನು?” ಜಗದೀಶ ನಕ್ಕ. “ಕೆಳಗ ಸಣ್ಣ ಅಕ್ಷರದಾಗ ಕೃತಜ್ಞತೆ ಹಾಕೀನಿ ಬಿಡು. ನೀ ಯಾಕ ಉರೀತಿ? ಅದರ ಕೂಡ ನಿನ್ನ ಮಾತೂ ಅಳಿಸಿ ಹೋತಲ್ಲ. ನಿನಗ ಛಲೋನ ಆತು.”

ನಾನು ಎದ್ದು ಮೆಟ್ಟಿಲಿಳಿದೆ.

ಆ ಕಾರ್ಯಕ್ರಮಕ್ಕೆ ವೇದಿಕೆ ಇರಲಿಲ್ಲ, ಗುಡಿಯ ಕಟ್ಟೆಯಿತ್ತು. ಹುಲಗಪ್ಪ ಅದನ್ನು ಹತ್ತುವಂತಿಲ್ಲ ಎಂದು ಊರವರು ನಮಗೆ ಮೊದಲೇ ಹೇಳಿದ್ದರು. ಕೆಳಗೆ ಬೇವಿನ ಮರದ ಬುಡದಲ್ಲಿ ನಿಂತು ಹಾಡಲಿ ಎಂದು ನಾವೇ ಒಪ್ಪಿಕೊಂಡಿದ್ದೆವು. ಅಲ್ಲಿಗೊಂದು ಮೈಕ್ ಒಯ್ಯುತ್ತಿದ್ದೆ. ಊರಿನ ಹಿರಿಯರೊಬ್ಬರು ಹತ್ತಿರ ಬಂದು, “ತಮ್ಮಾ, ಅದು ಗುಡಿ ಮೈಕು. ಮುಂಜಾನೆ ಭಜನಿಯವರು ಬಾಯಿ ಹಚ್ಚತಾರ” ಎಂದರು. ಬೈಯಲಿಲ್ಲ, ಹೆದರಿಸಲಿಲ್ಲ. ನಾನು ನಿಂತಲ್ಲಿಂದಲೇ ಕೂಗಿದೆ: “ಹುಲಗಪ್ಪಾ, ವೈರ್ ಸಾಲಂಗಿಲ್ಲ. ಅಲ್ಲಿಂದನ ಎತ್ತು.”

ವೈರು ಇಪ್ಪತ್ತು ಮೀಟರಿತ್ತು. ಮರಕ್ಕೆ ಆರು ಮೀಟರು.

ರೆಕಾರ್ಡರ್ ಆಗಲೇ ಓಡುತ್ತಿತ್ತು.

ಹುಲಗಪ್ಪ ೨೦೦೯ರಲ್ಲಿ ತೀರಿಕೊಂಡ. ಮಗಳು ಸವಿತಾ ಈಗ ಮಾನ್ವಿಯಲ್ಲಿ ಹೈಸ್ಕೂಲು ಶಿಕ್ಷಕಿ. ಬಿಡುಗಡೆಯ ಸುದ್ದಿ ಓದಿ ನನಗೆ ಫೋನ್ ಮಾಡಿದ್ದಳು: “ಅಪ್ಪನ ದನಿ ಮತ್ತೆಲ್ಲೂ ಇಲ್ರಿ ಸರ್. ಒಂದು ಸಲ ಕೇಳಬೇಕು.” ತರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ತಿದ್ದದ ಮೂಲ ಪ್ರತಿ ನನ್ನ ಹತ್ತಿರವೇ ಇತ್ತು. ಅದರಲ್ಲಿ ಪದಕ್ಕೆ ಮೊದಲು ನನ್ನ ಮಾತು ನಾಲ್ಕು ಸೆಕೆಂಡು, ಅದನ್ನಷ್ಟೇ ಕತ್ತರಿಸಬಹುದಿತ್ತು. ಎರಡು ಸಲ ಗುರುತು ಮಾಡಿದೆ, ಎರಡು ಸಲ ಬಿಟ್ಟೆ. ತಪ್ಪು ಅಳತೆಯನ್ನು ಅಳಿಸಬಾರದು, ಓದಲು ಬರುವಂತೆ ಮೇಲೊಂದು ಗೆರೆ ಎಳೆಯಬೇಕು ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುವವನು ನಾನು. ಅವರ ರೆಕಾರ್ಡ್ ಬುಕ್ಕಿನಲ್ಲಿ ಅದು ಸುಲಭ.

ಭಾನುವಾರ ಮಾನ್ವಿಗೆ ಹೋದೆ. ಸವಿತಾ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿದಳು. ಜನರ ಗುಜುಗುಜು. ನನ್ನ ಕೂಗು, ಬಹಳ ಸ್ಪಷ್ಟವಾಗಿ. ಆಮೇಲೆ ದೂರದಿಂದ, ನಗು ಬೆರೆತ ದನಿ: “ಆತ್ರಿ ಸರ. ನನಗ್ಯಾಕ ಬೇಕು ಮೈಕು?” ಪದ ಶುರುವಾಯಿತು. ಅವಳು ಸ್ಪೀಕರಿಗೆ ಕಿವಿ ಹಚ್ಚಿ ಕೂತಳು. ಮುಗಿಯುವವರೆಗೂ ಅಲುಗಲಿಲ್ಲ.

“ಇಷ್ಟು ದೂರ ಯಾಕ ಕೇಳ್ತದ್ರಿ?”

“ಕೆಳಗ ನಿಲ್ಲಿಸಿದ್ವಿ. ಮೈಕ್ ಕೊಡಲಿಲ್ಲ.”

“ವೈರ್ ಸಾಲಲಿಲ್ಲ, ಹೌದಲ್ಲ? ಅಪ್ಪ ಹೇಳ್ತಿದ್ದ. ಆ ಹುಡುಗ ಛಲೋ ಇದ್ದ, ನನಗ ಮೈಕ್ ತರಾಕತ್ತಿದ್ದ, ವೈರ್ ಸಾಲಲಿಲ್ಲ ಪಾಪ ಅಂತ.”

“ಸಾಲ್ತಿತ್ತು,” ಎಂದೆ. “ಹದಿನಾಲ್ಕು ಮೀಟರ್ ಉಳೀತಿತ್ತು.”

ಸವಿತಾ ನನ್ನನ್ನೇ ನೋಡಿದಳು. ಆಮೇಲೆ ಹಾಡನ್ನು ಹಿಂದಕ್ಕೆ ಎಳೆದಳು. ‘ಆತ್ರಿ ಸರ.’ ಮತ್ತೆ ಎಳೆದಳು. ‘ಆತ್ರಿ ಸರ.’

“ಆವಾಗ ನಿಮ್ಮ ವಯಸ್ಸೆಷ್ಟ್ರಿ?”

“ಇಪ್ಪತ್ತೆರಡು.”

“ಅಪ್ಪಗ ನಲವತ್ತೊಂದು.”

ಒಳಗೆ ಕುಕ್ಕರು ಕೂಗಿತು. ಅವಳು ಏಳಲಿಲ್ಲ.

“ಇದನ್ನ ಹಿಂಗಽ ಯೂಟ್ಯೂಬಿಗೆ ಹಾಕ್ತೀನ್ರಿ. ನಿಮ್ಮ ಮಾತಿನ ಸಮೇತ. ಊರಿಗೆಲ್ಲ ಕೇಳಲಿ.”

“ಹಾಕವ್ವಾ.”

ಬೇರೇನಾದರೂ ಅಂದಾಳೆಂದು ಸ್ವಲ್ಪ ಹೊತ್ತು ಕೂತೆ. ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಒಳಗೆ ಹುಲಗಪ್ಪ ಮತ್ತೆ ಪದ ಎತ್ತಿದ. ಕಟ್ಟೆಯ ಮೇಲಿದ್ದ ನಮ್ಮವರು ಹಿಡಿದರು, ಐದು ಮೈಕಿನಲ್ಲಿ, ಅವನ ದನಿ ಕೇಳಿಸದಷ್ಟು ಜೋರಾಗಿ.