ಹತ್ತೊಂಬತ್ತನೆಯ ಅಂಗಿ

ಸರ್ಕಾರ ಯಾವಾಗ ಬೀಳುತ್ತದೆ, ಚುನಾವಣೆ ಯಾವ ತಿಂಗಳಿಗೆ ಬರುತ್ತದೆ ಎಂದು ರಾಜ್ಯದ ಪತ್ರಿಕೆಗಳೆಲ್ಲ ದಿನಕ್ಕೊಂದು ಬಗೆಯಾಗಿ ಊಹಿಸುತ್ತಿದ್ದ ಆ ಹನ್ನೆರಡು ದಿನಗಳಲ್ಲಿ, ಹಂಪಿಯ ಹಾದಿಯಲ್ಲಿದ್ದ ಒಂದು ರೆಸಾರ್ಟಿನ ಅಡುಗೆಯವರು, ಕಸ ಗುಡಿಸುವವರು, ತೋಟದ ಆಳುಗಳು ಮಾತ್ರ ಯಾವ ಪತ್ರಿಕೆಯನ್ನೂ ನಂಬುತ್ತಿರಲಿಲ್ಲ. ಅವರು ನಂಬುತ್ತಿದ್ದುದು ಲಾಂಡ್ರಿಯ ಪಾಲಪ್ಪನನ್ನು.

ಚೋರನೂರಿನಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂ ಸೇರಿದ್ದ ಪಾಲಪ್ಪನಿಗೆ ಈಗ ಐವತ್ತನಾಲ್ಕು. ಅದರಲ್ಲಿ ಮೂವತ್ತು ವರ್ಷಗಳನ್ನು ಅವನು ಇಸ್ತ್ರಿ ಪೆಟ್ಟಿಗೆಯ ಹಿಂದೆ ನಿಂತೇ ಕಳೆದಿದ್ದ. ಆಳುವ ಪಕ್ಷದ ಹತ್ತೊಂಬತ್ತು ಶಾಸಕರನ್ನು, ಎದುರಾಳಿಗಳ ಕೈಗೆ ಸಿಗದಿರಲೆಂದು ಬಸ್ಸಿನಲ್ಲಿ ತುಂಬಿ ತಂದು ಇಳಿಸಿದ ದಿನವೇ ರೆಸಾರ್ಟಿನ ಗೇಟಿಗೆ ಬೀಗ ಬಿದ್ದಿತ್ತು. ಶಾಸಕರ ಫೋನುಗಳ ಜೊತೆಗೆ ಕೆಲಸಗಾರರ ಫೋನುಗಳನ್ನೂ ಆಧಾರ್ ಕಾರ್ಡುಗಳನ್ನೂ ಮ್ಯಾನೇಜರ್ ಪ್ರಾಣೇಶ ತನ್ನ ಕಪಾಟಿನೊಳಗಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಬೇಲಿಯುದ್ದಕ್ಕೂ ಪೊಲೀಸರು. ದೊಡ್ಡವರು ಹೋಗುವ ತನಕ ಒಳಗಿದ್ದ ನಲವತ್ತು ಮಂದಿ ಕೆಲಸಗಾರರೂ ಒಳಗೇ ಇರಬೇಕು, ಅಷ್ಟೇ ನಿಯಮ.

ಹೋಗುವ ದಿನ ಯಾವುದೆಂಬುದನ್ನು ಪಾಲಪ್ಪ ಬಟ್ಟೆಯಲ್ಲಿ ಓದುತ್ತಿದ್ದ. ರೆಸಾರ್ಟಿಗೆ ಬಂದ ಶಾಸಕ ಬಿಳಿ ಬಟ್ಟೆ ತೊಡುವುದಿಲ್ಲ. ಮೊಣಕಾಲು ಕಾಣುವ ಚಡ್ಡಿ, ಹೂಹೂವಿನ ಟೀ ಶರ್ಟುಗಳಲ್ಲಿ ಈಜುಕೊಳದ ದಂಡೆಗೆ ಬಿದ್ದುಕೊಂಡಿರುತ್ತಾನೆ. ಬಿಳಿ ಅಂಗಿಗೆ ಗಂಜಿ ಹಾಕಿಸಿದನೆಂದರೆ ಕ್ಯಾಮೆರಾದ ಮುಂದೆ ನಿಲ್ಲುವುದಿದೆ ಎಂದೇ ಅರ್ಥ. ಐದನೆಯ ದಿನ ಇಬ್ಬರು ಗಂಜಿ ಹಾಕಿಸಿದ್ದರು; ಸಂಜೆ ಅಡುಗೆಮನೆಯ ಟಿವಿಯಲ್ಲಿ ಅವರಿಬ್ಬರೇ ಕಾಣಿಸಿಕೊಂಡು, ಪಕ್ಷದಲ್ಲಿ ಒಡಕಿಲ್ಲ ಎಂದರು. ಅಂದಿನಿಂದ ಪಾಲಪ್ಪನ ಮಾತಿಗೆ ಬೆಲೆ ಬಂದಿತ್ತು.

"ಪಾಲಪ್ಪಣ್ಣ, ಇವತ್ತೆಷ್ಟು ಬಿಳಿ?" ಎಂದು ದಿನವೂ ನಾಷ್ಟಾದ ಹೊತ್ತಿಗೆ ಕೇಳುತ್ತಿದ್ದವಳು ಅಡುಗೆಯ ಅನುಸೂಯಾ, ಕಂಪ್ಲಿಯವಳು.

"ಒಂದೂ ಇಲ್ಲವ್ವ. ಎಲ್ಲಾ ಚಡ್ಡಿ."

"ಹಂಗಾರ ಸರ್ಕಾರ ಗಟ್ಟಿ ಐತಿ ಬಿಡು. ಚಡ್ಡಿ ಇರೋತನ ಸರ್ಕಾರ ಇರ್ತೈತಿ!"

ಒಲೆಯ ಮುಂದಿದ್ದವರೆಲ್ಲ ನಗುತ್ತಿದ್ದರು. ಪಾಲಪ್ಪನೂ ನಗುತ್ತಿದ್ದ, ಬುಧವಾರದ ತನಕ.

ಬುಧವಾರ ಮಧ್ಯಾಹ್ನ ಅವನ ಹೆಂಡತಿ ಹೊಳೆಮ್ಮ ಎರಡು ಬಸ್ಸು ಬದಲಿಸಿ ಗೇಟಿಗೆ ಬಂದಳು. ಕಾವಲುಗಾರ ಎರ್ರಿಯಪ್ಪ, "ಒಂದ ನಿಮಿಷ ನೋಡಕ್ಕ, ನನ್ನ ನೌಕರಿ ತಗೀಬ್ಯಾಡ" ಎಂದು ಬೆನ್ನು ತಿರುಗಿಸಿ ನಿಂತ. ಹೊಳೆಮ್ಮ ಕಬ್ಬಿಣದ ಸರಳುಗಳ ನಡುವಿನಿಂದ ಒಂದು ಚೀಟಿಯನ್ನು ತೋರಿಸಿದಳು.

"ಶನಿವಾರ ಹನ್ನೊಂದಕ್ಕ ಹೊಸಪೇಟಿ ಸ್ಟೇಡಿಯಂನಾಗ ಹಕ್ಕುಪತ್ರ ಕೊಡ್ತಾರ. ನಮ್ಮ ಹೆಸರು ಬಂದೈತಿ. ಗಂಡ ಹೆಂಡ್ತಿ ಇಬ್ರೂ ಬರಬೇಕಂತ, ಇಬ್ರದೂ ಹೆಬ್ಬಟ್ಟು, ಅಸಲು ಆಧಾರ್."

ಕಾಲುವೆ ದಂಡೆಯ ಅವರ ಮನೆಗೆ ಇಪ್ಪತ್ತಾರು ವರ್ಷ. ದಂಡೆಯ ಮೇಲಿನ ರಸ್ತೆಯನ್ನು ಅಗಲ ಮಾಡುವವರು ಕಳೆದ ತಿಂಗಳು ಬಂದು ಬಾಗಿಲ ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದಿಂದ ಗುರುತು ಬಳಿದು ಹೋಗಿದ್ದರು. ಹಕ್ಕುಪತ್ರ ಇದ್ದ ಮನೆಯನ್ನು ಮುಟ್ಟುವಂತಿಲ್ಲ; ಇಲ್ಲದ ಮನೆಗೆ ಯಂತ್ರ ಬರುತ್ತದೆ. ಹೊಳೆಮ್ಮ ಆ ಗುರುತಿನ ಮೇಲೆ ಎರಡು ಸಲ ಸಗಣಿ ಸಾರಿಸಿದರೂ ಕೆಂಪು ಮತ್ತೆ ಮೇಲಕ್ಕೆ ಬಂದಿತ್ತು.

"ನಾ ಹೆಂಗ ಬರ್ಲಿ?" ಎಂದ ಪಾಲಪ್ಪ.

"ಹತ್ತೊಂಬತ್ತು ಮಂದಿ ಅಂಗಿ ತೀಡ್ತಿ. ಒಬ್ಬನ ಬಾಯಿಂದ ಒಂದು ಮಾತು ಹೇಳಸಾಕ ಆಗಂಗಿಲ್ಲೇನು ನಿನಗ?"

"ಅವರೂ ಒಳಗದಾರ ಲೇ."

"ಅವರು ಉಂಡು ಮಲಗಾಕ ಒಳಗದಾರ. ನೀ ಯಾಕ ಒಳಗದಿ?"

ಎರ್ರಿಯಪ್ಪ ಕೆಮ್ಮಿದ. ಹೊಳೆಮ್ಮ ಹೋದಳು.

ಆ ಸಂಜೆ ಏಳನೆಯ ನಂಬರಿನ ಕೋಣೆಯ ಶಾಸಕರು ಎಂದಿನಂತೆ ಲಾಂಡ್ರಿಗೆ ಬಂದು, ಮಡಚಿಟ್ಟ ಹೊದಿಕೆಗಳ ಗಂಟಿನ ಮೇಲೆ ಕುಳಿತರು. ತೆಳ್ಳಗಿನ, ಮೃದು ಮಾತಿನ ಮನುಷ್ಯ. ಹತ್ತೊಂಬತ್ತು ಜನರಲ್ಲಿ ಪಾಲಪ್ಪನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಇವರೊಬ್ಬರೇ.

"ಏನಪ್ಪಾ ಪಾಲಪ್ಪ, ಅಂಗಿಗಳು ಏನಂತಾವ? ಎಲೆಕ್ಷನ್ ಯಾವಾಗ?"

"ನಿಮಗ ಗೊತ್ತಿರಬೇಕಲ್ರಿ ಸಾಹೇಬ್ರ."

"ನನಗೇನು ಗೊತ್ತು? ನನ್ನ ಫೋನ್ ನಿನ್ನ ಫೋನಿನ ಜೋಡಿ ಒಂದ ಕಪಾಟಿನಾಗ ಮಲಗೈತಿ." ಅವರು ಬೆರಳು ಮಡಚಿ ಲೆಕ್ಕ ಒಪ್ಪಿಸಿದರು. "ನಾವು ಹತ್ತೊಂಬತ್ತೂ ಮಂದಿ ಗಟ್ಟಿ ಇದ್ರ ಸರ್ಕಾರ ಉಳಿತೈತಿ. ಒಬ್ಬ ಹಾರಿದ್ನೋ, ಮುಗೀತು. ನಮ್ಮ ಮುಖ್ಯಮಂತ್ರಿಗಳು ಎದುರಿನವರಿಗೆ ಕುರ್ಚಿ ಕೊಡೋ ಪೈಕಿ ಅಲ್ಲ. ಮರುದಿನನ ವಿಧಾನಸಭೆ ವಿಸರ್ಜನೆ ಮಾಡಿ ಎಲೆಕ್ಷನ್‌ಗೆ ಹೋಗ್ತಾರ."

ಪಾಲಪ್ಪ ಧೈರ್ಯ ಮಾಡಿ ಹಕ್ಕುಪತ್ರದ ವಿಷಯ ತೆಗೆದ. ಶನಿವಾರ ಒಂದು ದಿನದ ಮಟ್ಟಿಗೆ ಹೊರಗೆ ಬಿಡಿಸಲು ಆಗುತ್ತದೆಯೇ ಎಂದು ಕೇಳಿದ.

"ನನ್ನ ಬಿಡಸೋರು ಯಾರು ಹೇಳು ಮೊದಲು," ಎಂದು ಶಾಸಕರು ನಕ್ಕರು. ಆಮೇಲೆ ದನಿ ತಗ್ಗಿಸಿ, "ಶನಿವಾರತನ ಸರ್ಕಾರ ಇರಲಿ ಅಂತ ಬೇಡ್ಕೊ. ವಿಸರ್ಜನೆ ಆತಂದ್ರ ಅವತ್ತ ನೀತಿ ಸಂಹಿತೆ. ಒಂದು ಹಾಳಿ ಸುದ್ದಾ ಹಂಚಂಗಿಲ್ಲ," ಎಂದರು.

ಅವರು ಎದ್ದುಹೋದ ಮೇಲೆ ಪಾಲಪ್ಪನಿಗೆ ತನ್ನ ಪರಿಸ್ಥಿತಿಯ ಪೂರ್ತಿ ಆಕಾರ ಕಣ್ಣಿಗೆ ಕಟ್ಟಿತು. ಇವರು ಹೋದರೆ ಗೇಟು ತೆರೆಯುತ್ತದೆ, ಹಕ್ಕುಪತ್ರ ಹೋಗುತ್ತದೆ. ಇವರು ಇದ್ದರೆ ಹಕ್ಕುಪತ್ರ ಇರುತ್ತದೆ, ಗೇಟು ತೆರೆಯುವುದಿಲ್ಲ. ಅವನು ಇಸ್ತ್ರಿ ಪೆಟ್ಟಿಗೆಯ ತಂತಿಯನ್ನು ಕಳಚಿ, ಮತ್ತೆ ಸಿಕ್ಕಿಸಿ, ಯಾವ ಬಟ್ಟೆಯೂ ಇಲ್ಲದ ಮೇಜಿನ ಮೇಲೆ ಬಹಳ ಹೊತ್ತು ಅದನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿದ.

ಗುರುವಾರ ಮಧ್ಯಾಹ್ನ ಪ್ರಾಣೇಶ ಸ್ವತಃ ಗಾಡಿ ತಳ್ಳಿಕೊಂಡು ಬಂದ. ಅದರ ತುಂಬ ಬಿಳಿ. ಹತ್ತೊಂಬತ್ತು ಅಂಗಿ, ಹತ್ತೊಂಬತ್ತು ಪ್ಯಾಂಟು.

"ನಾಳೆ ಬೆಳಿಗ್ಗೆ ಏಳಕ್ಕ ತಯಾರಿರಬೇಕು ಪಾಲಪ್ಪ. ಗಂಜಿ ಹೆಂಗಿರಬೇಕಂದ್ರ ಅಂಗಿ ತಾನಾಗೇ ನಿಂದ್ರಬೇಕು."

ಸುದ್ದಿ ಅಡುಗೆಮನೆಯನ್ನು ಮುಟ್ಟಲು ಐದು ನಿಮಿಷವೂ ಬೇಕಾಗಲಿಲ್ಲ. ಅನುಸೂಯಾ ಸೌಟು ಹಿಡಿದೇ ಓಡಿ ಬಂದಳು. "ಹತ್ತೊಂಬತ್ತೂ ಬಿಳಿ! ಸರ್ಕಾರ ಬಿತ್ತು! ನಾಳೆ ನಮ್ಮೂರ ಬಸ್ಸು ಹತ್ತತೀನಿ ನಾನು!" ಪಾಲಪ್ಪ ಗಂಜಿಯ ಪಾತ್ರೆಯಲ್ಲಿ ಕೈ ಅದ್ದಿಕೊಂಡು ಹಾಗೆಯೇ ನಿಂತಿದ್ದ. ಕೊನೆಗೆ ತಡೆಯಲಾರದೆ ಕಚೇರಿಗೆ ಹೋಗಿ ಕೇಳಿಯೇಬಿಟ್ಟ.

"ಬೆಂಗಳೂರಿಗೆ ಹೊಂಟಾರೇನ್ರಿ?"

"ಬೆಂಗಳೂರೆಲ್ಲಿಂದ ಬಂತೋ?" ಎಂದ ಪ್ರಾಣೇಶ. "ಪಕ್ಷ ಬಿಡೂದಿಲ್ಲ ಅಂತ ವಿರೂಪಾಕ್ಷನ ಮುಂದ ಎಲ್ಲಾರ ಕಡೆಯಿಂದ ಆಣೆ ಮಾಡಸ್ತಾರ. ಟಿವಿಯವರೂ ಬರ್ತಾರ. ಹತ್ತಕ್ಕ ತಿರುಗಿ ಇಲ್ಲೇ. ಇನ್ನೂ ಒಂದು ವಾರ ಅದ ಇವರ ವಾಸ."

ಇಷ್ಟು ದಿನಗಳಲ್ಲಿ ಪಾಲಪ್ಪನ ಓದು ತಪ್ಪಿದ್ದು ಅದೇ ಮೊದಲು. ತಪ್ಪಿದ್ದಕ್ಕೆ ಅವನು ವಿರೂಪಾಕ್ಷನಿಗೆ ಮನಸ್ಸಿನಲ್ಲೇ ಕೈ ಮುಗಿದ. ಸರ್ಕಾರ ಶನಿವಾರ ಇರುತ್ತದೆ. ಉಳಿದದ್ದು ತನ್ನೊಬ್ಬನ ಬಿಡುಗಡೆ. ರಜೆ ಕೇಳಿದ. "ಒಬ್ಬನ್ನ ಬಿಟ್ರ ನಲವತ್ತು ಮಂದಿ ಕೇಳ್ತಾರ. ಹೋಗು, ಗಂಜಿ ಆರ್ತದ," ಎಂದ ಪ್ರಾಣೇಶ.

ಲಾಂಡ್ರಿಗೆ ಮರಳುವ ಹಾದಿಯಲ್ಲಿ ಅವನಿಗೊಂದು ನೆನಪಾಯಿತು. ಹೋದ ವರ್ಷ ಬಡಿಸುವವನೊಬ್ಬ ಅತಿಥಿಯ ಮೈಮೇಲೆ ಸಾಂಬಾರು ಚೆಲ್ಲಿದ್ದ. ಅರ್ಧ ಗಂಟೆಯಲ್ಲಿ ಅವನ ಲೆಕ್ಕ ತೀರಿಸಿ, ಕಾಗದಪತ್ರ ಕೈಗಿಟ್ಟು, ಗೇಟಿನಾಚೆಗೆ ಕಳಿಸಿದ್ದ ಇದೇ ಪ್ರಾಣೇಶ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಹದಿನೆಂಟು ಅಂಗಿಗಳು ಹ್ಯಾಂಗರಿನಲ್ಲಿ ಕಾವಲುಗಾರರಂತೆ ಸಾಲಾಗಿ ನಿಂತಿದ್ದವು. ಹತ್ತೊಂಬತ್ತನೆಯದು ಮೇಜಿನ ಮೇಲಿತ್ತು. ಅದು ಏಳನೆಯ ನಂಬರಿನದು. ಹುಡುಕಿ ಆರಿಸಿದ್ದ ಅದನ್ನು: ಉಳಿದ ಹದಿನೆಂಟು ಜನರಲ್ಲಿ ಯಾರ ಅಂಗಿ ಸುಟ್ಟರೂ ಕೆನ್ನೆಗೆ ಬೀಳುತ್ತದೆ, ಈ ಮನುಷ್ಯ ಹೊಡೆಯುವುದಿಲ್ಲ.

ಮೂವತ್ತು ವರ್ಷಗಳಲ್ಲಿ ಪಾಲಪ್ಪ ಒಂದು ಕರವಸ್ತ್ರವನ್ನೂ ಸುಟ್ಟವನಲ್ಲ. ಕಾಯ್ದ ಪೆಟ್ಟಿಗೆಯನ್ನು ಅಂಗಿಯ ಎದೆಯ ಮೇಲಿಟ್ಟು ಕೈ ಬಿಟ್ಟ. ಬಿಟ್ಟ ಕೈ ತಾನಾಗಿಯೇ ಎತ್ತಲು ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಹೊಗೆಯ ಎಳೆಯೊಂದು ಎದ್ದಿತು. ಪೆಟ್ಟಿಗೆಯನ್ನು ಎತ್ತಿದಾಗ ಜೇಬಿನ ಮೇಲೆ ಕಂದು ಬಣ್ಣದ ದೋಣಿಯಾಕಾರ ಅಚ್ಚಾಗಿತ್ತು.

ಪ್ರಾಣೇಶ ಎರಡೂ ಕೈಗಳಿಂದ ತಲೆ ಹಿಡಿದುಕೊಂಡ. "ನಿನ್ನ ತಲಿ ನೆಟ್ಟಗ ಅದನೋ ಇಲ್ಲೋ? ಹೋತು, ನಿನ್ನ ಕೆಲಸ ಹೋತು! ಈಗಿಂದೀಗ!"

ಪಾಲಪ್ಪನ ಎದೆ ಹಗುರಾಯಿತು. "ಆತ್ರಿ. ಆಧಾರ್ ಕೊಟ್ಟುಬಿಡ್ರಿ, ಹೋಗ್ತೀನಿ."

"ಎಲ್ಲಿಗೆ ಹೋಗ್ತಿ? ಕೆಲಸ ಇಲ್ಲ ಅಂದೆ, ಬಿಡ್ತೀನಿ ಅಂದ್ನೇನು? ಅವರು ಹೋಗೋತನ ಇಲ್ಲೇ ಬಿದ್ದಿರು. ಊಟ ಹಾಕಸ್ತೀನಿ."

ಹೀಗೆ ಪಾಲಪ್ಪ, ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ, ಕೆಲಸವೂ ಇಲ್ಲದ ಬಿಡುಗಡೆಯೂ ಇಲ್ಲದ ಮನುಷ್ಯನಾದ. ಏಳನೆಯ ನಂಬರಿನವರ ಇನ್ನೊಂದು ಬಿಳಿ ಅಂಗಿ ನೀರಿನಲ್ಲಿ ನೆನೆಯುತ್ತಿತ್ತು. ಬೇರೆಯವರ ಅಂಗಿಗಳು ಆ ತೆಳು ಮೈಮೇಲೆ ಗೋಣಿಚೀಲದಂತೆ ಜೋತುಬಿದ್ದವು. ದೇವರ ಮುಂದೆ, ಅದಕ್ಕಿಂತ ಹೆಚ್ಚಾಗಿ ಕ್ಯಾಮೆರಾಗಳ ಮುಂದೆ, ಅಂಥ ಶಾಸಕನನ್ನು ನಿಲ್ಲಿಸುವುದು ಹೇಗೆ? ಅವರ ಆಣೆ ಸಂಜೆಗಿರಲಿ ಎಂದಾಯಿತು. ಬಸ್ಸು ಹದಿನೆಂಟು ಜನರೊಂದಿಗೆ ಹೊರಟಿತು. ಬೇಲಿಯ ಪೊಲೀಸರಲ್ಲಿ ಹೆಚ್ಚಿನವರು ಜೀಪು ಹತ್ತಿ ಅದರ ಹಿಂದೆ ಹೋದರು.

ಕಾಲು ಗಂಟೆಯ ನಂತರ ಲಾಂಡ್ರಿಯ ಬಾಗಿಲು ತೆರೆಯಿತು. ಏಳನೆಯ ನಂಬರಿನವರು ಚಡ್ಡಿ, ಹೂವಿನ ಟೀ ಶರ್ಟಿನಲ್ಲೇ ಇದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ನೇರವಾಗಿ ಬಂದು ಪಾಲಪ್ಪನ ಹೆಗಲ ಮೇಲೆ ಕೈ ಇಟ್ಟರು.

"ಭಾಳ ಉಪಕಾರ ಆತು ಪಾಲಪ್ಪ. ದೇವರ ಮುಂದ ಸುಳ್ಳಾಣೆ ಮಾಡೋದು ತಪ್ಪಸಿದಿ. ಬಾಳಿ ತೋಟದ ಆಚೆ, ಕಂಪ್ಲಿ ರಸ್ತೆಗೆ, ನಾಲ್ಕು ದಿನದಿಂದ ನನಗಂತ ಎದುರಿನವರ ಕಾರು ನಿಂತೈತಿ. ಇವರ ಕಣ್ಣು ತಪ್ಪಿಸಾಕ ಆಗಿರಲಿಲ್ಲ. ಬರ್ತೀಯೇನು? ಜಾಗ ಐತಿ."

"ನನ್ನ ಆಧಾರ್ ಕಪಾಟಿನಾಗ ಐತ್ರಿ," ಎಂದ ಪಾಲಪ್ಪ. ಆಡಿದ ಮೇಲೆಯೇ ಅವನಿಗೆ, ಬುಧವಾರ ಶಾಸಕರು ಬೆರಳು ಮಡಚಿ ಹೇಳಿದ ಆ ಲೆಕ್ಕ ನೆನಪಾದದ್ದು. ಹತ್ತೊಂಬತ್ತರಲ್ಲಿ ಒಂದು.

ಶಾಸಕರು ಬಟ್ಟೆ ಒಣಗಿಸುವ ಅಂಗಳಕ್ಕೆ ಇಳಿದರು. ತಂತಿಯ ಮೇಲಿನ ಹೊದಿಕೆಗಳನ್ನು ಪಕ್ಕಕ್ಕೆ ಸರಿಸುತ್ತ ಅವಸರವಿಲ್ಲದೆ ನಡೆದರು. ಒಂದು ಕೂಗು ಸಾಕಿತ್ತು. ಗೇಟಿನಲ್ಲಿ ಎರ್ರಿಯಪ್ಪನಿದ್ದ, ಬೇಲಿಯ ಮೂಲೆಯಲ್ಲಿ ಇಬ್ಬರು ಪೊಲೀಸರು ಚಹಾ ಕುಡಿಯುತ್ತಿದ್ದರು. ಪಾಲಪ್ಪ ಬಾಯಿ ತೆರೆದ. ಆದರೆ ಬಿಳಿ ಬಟ್ಟೆಯವರ ಮುಂದೆ ಮೂವತ್ತು ವರ್ಷ ದನಿ ಎತ್ತದೆ ಬದುಕಿದ ಗಂಟಲು ಅದು. ಹೆಗಲ ಮೇಲೆ ಆ ಕೈಯ ಬಿಸಿ ಇನ್ನೂ ಇತ್ತು. ಹೂವಿನ ಟೀ ಶರ್ಟು ಬೇಲಿಯ ಮೇಲೊಮ್ಮೆ ಕಾಣಿಸಿ, ಬಾಳೆಯ ಹಸಿರಿನೊಳಗೆ ಹೋಯಿತು. ಆಗ ಗಂಟಲಿನಿಂದ ಏನೋ ಸದ್ದು ಬಂತು. ಕೇಳುವಷ್ಟು ದೊಡ್ಡದಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಅಡುಗೆಮನೆಯ ಟಿವಿ ವಿಧಾನಸಭೆ ವಿಸರ್ಜನೆಯಾದ ಸುದ್ದಿ ಹೇಳಿತು. ಗೇಟು ತೆರೆಯಿತು. ಪ್ರಾಣೇಶ ಕಪಾಟಿನಿಂದ ಕಾರ್ಡುಗಳನ್ನು ತೆಗೆದು, ಹೆಸರು ಕೂಗಿ ಕೂಗಿ ಹಂಚಿದ. ಅನುಸೂಯಾ ಕುಣಿಯುತ್ತ ಬಸ್ಸಿಗೆ ಓಡಿದಳು. ಪಾಲಪ್ಪನೂ ಓಡಿದ.

ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿರುವಾಗ ಅವನು ಹೊಸಪೇಟೆಯ ಸ್ಟೇಡಿಯಂ ಮುಟ್ಟಿದ. ವೇದಿಕೆಯ ಮೇಲೆ ಇಬ್ಬರು ಏಣಿ ಹತ್ತಿ, ಬ್ಯಾನರಿನಲ್ಲಿದ್ದ ಮಂತ್ರಿಗಳ ಮುಖಗಳ ಮೇಲೆ ಹಾಳೆ ಅಂಟಿಸುತ್ತಿದ್ದರು. ಹಕ್ಕುಪತ್ರಗಳ ಪೆಟ್ಟಿಗೆಗೆ ಗುಮಾಸ್ತನೊಬ್ಬ ಅರಗು ಒತ್ತುತ್ತಿದ್ದ. ಮೊದಲ ಸಾಲಿನ ಕುರ್ಚಿಯಲ್ಲಿ ಹೊಳೆಮ್ಮ ಕುಳಿತಿದ್ದಳು. ಪಕ್ಕದ ಕುರ್ಚಿಯ ಮೇಲೆ ಅವನಿಗಾಗಿ ಜಾಗ ಹಿಡಿದು ಕೈಚೀಲ ಇಟ್ಟಿದ್ದಳು.

ಪಾಲಪ್ಪ ಗುಮಾಸ್ತನ ಮುಂದೆ ಆಧಾರ್ ಕಾರ್ಡನ್ನು ಚಾಚಿದ. "ಬಂದೀನ್ರಿ. ಹೆಬ್ಬಟ್ಟು ಒತ್ತತೀನಿ."

"ಎಲೆಕ್ಷನ್ ಮುಗಿದ ಮ್ಯಾಲೆ ಬರ್ರಿ ಯಜಮಾನ್ರ."

"ಎಲೆಕ್ಷನ್ ಯಾವಾಗ್ರಿ?"

"ನನಗೇನು ಗೊತ್ತು? ಮೂರು ತಿಂಗಳೋ, ಆರು ತಿಂಗಳೋ." ಸುತ್ತ ನಿಂತಿದ್ದವರು ಆಗಲೇ ಊಹಿಸಲು ತೊಡಗಿದ್ದರು: ಮಳೆಗಾಲ ಕಳೆದ ಮೇಲೆ, ದಸರಾ ಆದ ಮೇಲೆ, ಇಲ್ಲ, ಅದಕ್ಕೂ ಮೊದಲೇ. ರಸ್ತೆ ಕೆಲಸ ಯಾವಾಗ ಶುರುವಾಗುತ್ತದೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಬರುವ ತಿಂಗಳು.

ಹೊಳೆಮ್ಮ ಚೀಲ ಎತ್ತಿಕೊಂಡಳು. ಇಬ್ಬರೂ ಟಿ.ಬಿ. ಡ್ಯಾಂ ಬಸ್ಸು ಹತ್ತಿದರು. ಬಸ್ಸು ಹೊರಟ ಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು.

"ಒಬ್ಬ ಓಡಿಹೋಗಿದ್ದಕ್ಕ ಹಿಂಗಾತಂತ. ಅವನ ಮನಿ ಹಾಳಾಗ. ನೀ ನೋಡಿದಿ ಏನು ಅವನ?"

"ನೋಡಿದೆ."

"ಓಡೋದನ್ನ?"

"ಹೂಂ. ನನ್ನ ಮುಂದ ಹೋದ."

"ಒದರಬೇಕಿತ್ತಲ್ಲ ಮತ್ತ!"

ಪಾಲಪ್ಪ ಆಧಾರ್ ಕಾರ್ಡನ್ನು ಅಂಗಿಯ ಜೇಬಿನೊಳಗಿಟ್ಟು, ಜೇಬಿನ ಮೇಲಿನ ಸುಕ್ಕನ್ನು ಅಂಗೈಯಿಂದ ಒತ್ತಿ ಒತ್ತಿ ತೀಡಿದ.

"ಒದರಬೇಕಿತ್ತು," ಎಂದ.