ಅಣ್ಣನ ಕಾಲಿಗೆ ತಂದ ನೀರು

ಪ್ರಯೋಗಾಲಯದಲ್ಲಿ ಆ ನೀರು ಒಮ್ಮೆಯೂ ಸೋತಿರಲಿಲ್ಲ. ವಿದ್ಯುತ್ತಿನಿಂದ ಹುಟ್ಟಿಸಿದ ನೇರಳೆ ಬಣ್ಣದ ಪ್ಲಾಸ್ಮಾ ಕಿಡಿ ಹಾಯಿಸಿದ ನೀರು ಅದು. ಯಾವ ಔಷಧಿಗೂ ಜಗ್ಗದ ಬ್ಯಾಕ್ಟೀರಿಯಾ ಬೆಳೆದ ಗಾಜಿನ ತಟ್ಟೆಗೆ ಹಾಕಿದರೆ, ಮರುದಿನ ತಟ್ಟೆ ತೊಳೆದಿಟ್ಟಂತೆ ಕಾಣುತ್ತಿತ್ತು. ಆಸ್ಪತ್ರೆಯವರು ಪರೀಕ್ಷೆಗೆ ಸೇರಿಸಿಕೊಂಡ ರೋಗಿಗಳೂ ಚೇತರಿಸಿಕೊಳ್ಳುತ್ತಿದ್ದರು. ಪ್ರಯೋಗಾಲಯದಲ್ಲೇ ಕೆಲಸ ಮಾಡುತ್ತಿದ್ದವಳೊಬ್ಬಳ ಅಣ್ಣನ ಪಾದದ ಹುಣ್ಣು ಮಾತ್ರ ಕೊಳೆಯುತ್ತಲೇ ಹೋಯಿತು. ತಾನೇ ಕೈಯಾರೆ ತಯಾರಿಸಿದ ನೀರು ಒಡಹುಟ್ಟಿದವನಿಗೇ ಏಕೆ ಒಲಿಯಲಿಲ್ಲವೆಂದು ತಂಗಿ ದೇವರನ್ನು ಕೇಳಿ ಕೇಳಿ ದಣಿದಳು. ಬೆಳಿಗ್ಗೆ ತೆಗೆದ ಎಕ್ಸ್-ರೇ ನೋಡಿ, ಪಾದ ಉಳಿಸುವುದೋ ತೆಗೆಯುವುದೋ ಸಂಜೆಯೊಳಗೆ ಹೇಳುತ್ತೇನೆ ಎಂದಿದ್ದರು ಡಾಕ್ಟರು.

ದಿನವೂ ಅಣ್ಣನ ಮನೆ ಬಾಗಿಲಲ್ಲೇ ಆ ನೀರಿನ ಬಾಟಲಿ ಕೊಟ್ಟು ಕೆಲಸಕ್ಕೆ ಓಡುತ್ತಿದ್ದವಳು ಅಂದು ಒಳಗೆ ಬಂದು ಕೂತಳು.

"ಏನಮ್ಮ, ಸವಾರಿ ದಾರಿ ತಪ್ಪಿತಾ?" ಎಂದಳು ಅತ್ತಿಗೆ.

ಅಣ್ಣ ಮಂಚದಿಂದಲೇ, "ನಿನ್ನ ಮಿಂಚಿನ ನೀರಿಗಿಂತ ನಮ್ಮ ನಲ್ಲಿ ನೀರೇ ವಾಸಿ ಕಣೇ" ಎಂದು ಕೀಟಲೆ ಮಾಡಿದ.

ಅಡುಗೆಮನೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಚಹಾಕ್ಕಿರಬೇಕೆಂದು ತಂಗಿ ಅಂದುಕೊಂಡಳು. ಅತ್ತಿಗೆ ಅದನ್ನೇ ತಣಿಸಿಕೊಂಡು ಬಂದು ಅಣ್ಣನ ಕಾಲ ಬಳಿ ಕೂತಾಗ ಅವಳು ಎದ್ದು ಬಂದಳು.

"ಅತ್ತಿಗೆ, ಅದ್ಯಾವ ನೀರು?"

"ನೀನು ಕೊಟ್ಟಿದ್ದೇ. ತಣ್ಣಗಿಡಿ ಅಂದಿದ್ಯಲ್ಲ, ಫ್ರಿಜ್ಜಲ್ಲೇ ಇಟ್ಟಿದ್ದೆ."

"ಮತ್ತೆ ಕುದಿಸಿದ್ದು?"

"ಕುದಿಸದೆ ಗಾಯಕ್ಕೆ ಹಾಕ್ತಾರೇನೆ? ಮೊದಲ ದಿನದಿಂದ ಹೀಗೇ ಮಾಡ್ತಿದೀನಿ, ಒಂದು ಸಲಾನೂ ತಪ್ಪಿಸಿಲ್ಲ."

ಕುದಿಸಿದರೆ ಆ ನೀರಿನ ಶಕ್ತಿಯೆಲ್ಲ ಹಾರಿಹೋಗುತ್ತದೆ. ಪ್ರಯೋಗಾಲಯದಲ್ಲಿ ಅದು ಎಲ್ಲರಿಗೂ ಎಷ್ಟು ಗೊತ್ತಿದ್ದ ಮಾತೆಂದರೆ, ಬಾಟಲಿಯ ಮೇಲೆ ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ. ಅಣ್ಣನ ಗಾಯಕ್ಕೆ ಇಷ್ಟು ದಿನ ಬಿದ್ದದ್ದು ಬರೀ ನೀರು.

ಅವಳು ಹೊಸ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಗ ಫೋನು ಬಂತು. ಡಾಕ್ಟರದು. ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ, "ಒಂದು ವಾರ ಕೊಡಿ ಸರ್, ಇನ್ನೂ ನಿಜವಾದ ನೀರು ಹಾಕೇ ಇಲ್ಲ" ಎಂದು ಬೇಡಿಕೊಂಡಳು.

"ಸೋಂಕು ಮೂಳೆಗೆ ಇಳಿದುಬಿಟ್ಟಿದೆಯಮ್ಮ, ಪಾದ ತೆಗೆಯಲೇಬೇಕು. ಇವತ್ತೇ ಕರ್ಕೊಂಡು ಬನ್ನಿ. ಕಾಯ್ತಾ ಕೂತರೆ ಜೀವಕ್ಕೇ ಕುತ್ತು."

ಅವಳು ಫೋನು ಇಟ್ಟು, ಡಾಕ್ಟರು ಹೇಳಿದ್ದನ್ನು ಇಬ್ಬರಿಗೂ ತಿಳಿಸಿದಳು. ಅತ್ತಿಗೆ ಪಾತ್ರೆ ಹಿಡಿದುಕೊಂಡೇ ನಿಂತಿದ್ದಳು.

"ನಾನಾ? ನಾನೇ ಮಾಡಿದ್ನಾ?"

"ಇಲ್ಲ ಅತ್ತಿಗೆ. ನಾನು ಹೇಳಲಿಲ್ಲ. ಹೇಳಬೇಕಾದ್ದು ನಾನು."

ಅತ್ತಿಗೆಗೆ ಅದು ಕೇಳಿಸಲಿಲ್ಲ. ಪಾತ್ರೆಯ ನೀರನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದವಳಂತೆ ಸುತ್ತ ನೋಡಿದಳು.

ಅಣ್ಣ ತನ್ನ ಪಾದವನ್ನೊಮ್ಮೆ ನೋಡಿಕೊಂಡ. ಆಮೇಲೆ ಹೇಳಿದ: "ಅಳೋದೆಲ್ಲ ಆಮೇಲಾಯ್ತು. ಇಬ್ಬರೂ ಈ ಕಡೆ ಬಂದು ನನ್ನನ್ನ ಎಬ್ಬಿಸಿ."