ಕೆಟ್ಟದ್ದು ಸಣ್ಣಮ್ಮನ ಕಿವಿಯಲ್ಲ

ಸಣ್ಣಮ್ಮನಿಗೆ ಕಿವಿ ಮಂದವಾಗಿ ಕೆಲವು ವರ್ಷಗಳಾಗಿದ್ದವು. ಮೊದಮೊದಲು ಮನೆಯವರಿಗೆ ಅದು ನಗೆಯ ವಿಷಯ. ಸೊಸೆ ನಂದಿತಾ ಉಪ್ಪು ಕೇಳಿದರೆ ಸಣ್ಣಮ್ಮ ಸೊಪ್ಪು ತಂದುಕೊಡುತ್ತಿದ್ದಳು. ಆಮೇಲೆ ನಗು ನಿಂತು ಕೂಗಾಟ ಶುರುವಾಯಿತು. ತಮಿಳು ಸೀಮೆಯಲ್ಲೇ ಬೆಳೆದ ಮೊಮ್ಮಗಳು ರಚನಾ ಮೊದಲೇ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ಒಂದು ಮಾತನ್ನು ಎರಡೆರಡು ಸಲ ಹೇಳಬೇಕಾಗಿ ಬಂದಾಗ ಅವಳು ಅಜ್ಜಿಯ ಹತ್ತಿರ ಮಾತಾಡುವುದನ್ನೇ ಕಡಿಮೆ ಮಾಡಿದಳು.

ಮಗ ಶ್ರೀನಾಥ ಗಿಂಡಿ ಎಂಬ ಬಡಾವಣೆಯ ಒಂದು ಕಂಪನಿಯಲ್ಲಿ ಇಂಜಿನಿಯರ್. ಮಳವಳ್ಳಿ ಕಡೆಯಿಂದ ಬಂದ ಈ ಸಂಸಾರ ಪಲ್ಲಾವರಂನಲ್ಲಿ ಬಾಡಿಗೆಗಿತ್ತು. ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಅವನು ತಾಯಿಯನ್ನು ಮೌಂಟ್ ರೋಡಿನ ದೊಡ್ಡ ಅಂಗಡಿಯೊಂದಕ್ಕೆ ಕರೆದುಕೊಂಡು ಹೋಗಿ, ಕಿವಿಯ ಹಿಂದೆ ಕೂರುವ ಮಷೀನು ಕೊಡಿಸಿದ. ಸಣ್ಣಮ್ಮನಿಗೆ ಹೊಸ ಜೀವ ಬಂದಂತಾಯಿತು. ಎದುರು ಮನೆಯ ಮಿಕ್ಸಿ, ಮೇಲೆ ಹಾರುವ ವಿಮಾನ, ರಚನಾಳ ಕಾಲ್ಗೆಜ್ಜೆ ಎಲ್ಲವೂ ಕೇಳಿದವು.

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ಮಷೀನಿನಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು. ಆಮೇಲೆ ಪೂರಾ ಮೌನ. ತಟ್ಟಿದರೆ ಸ್ವಲ್ಪ ಹೊತ್ತು ಬದುಕುತ್ತಿತ್ತು, ಮತ್ತೆ ಸಾಯುತ್ತಿತ್ತು.

ಶ್ರೀನಾಥ ತಾಯಿಯ ಜೊತೆ ಮತ್ತೆ ಅಂಗಡಿಗೆ ಹೋದ. ಅಂಗಡಿಯವನು ಬ್ಯಾಟರಿ ಬದಲಿಸಿ ಕೊಟ್ಟ. ಅಲ್ಲಿ ಮಾತಾಡಿದ ಮಷೀನು ಮನೆಗೆ ಬರುವಷ್ಟರಲ್ಲಿ ಸುಮ್ಮನಾಯಿತು. ಮರುವಾರ ಹೋದಾಗ ಅಂಗಡಿಯವನ ಮುಖ ಗಂಟಾಗಿತ್ತು.

"ಮಷೀನು ಸರಿಯಾಗೇ ಇದೆ ಸಾರ್. ಅಜ್ಜಿಗೆ ವಯಸ್ಸಾಯ್ತು, ಹಾಕಿಕೊಳ್ಳೋಕೆ ಬರಲ್ಲ. ಕಿವಿಯೂ ಇನ್ನಷ್ಟು ಕೆಟ್ಟಿರಬೇಕು," ಎಂದು ತಮಿಳಿನಲ್ಲಿ ಹೇಳಿ, ಬಿಲ್ಲಿನ ಅಡಿಯ ಸಾಲಿನ ಮೇಲೆ ಬೆರಳಿಟ್ಟ. 'ಒಮ್ಮೆ ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ.'

ಶ್ರೀನಾಥ ಇಂಗ್ಲಿಷಿನಲ್ಲಿ ಒಂದೆರಡು ಮಾತಾಡಿದ. ಬೇರೆ ಗಿರಾಕಿಗಳು ತಿರುಗಿ ನೋಡಿದರು. ಅವನು ನಾಚಿಕೊಂಡು ತಾಯಿಯ ಕೈಹಿಡಿದು ಹೊರಟುಬಿಟ್ಟ.

ಅಂಗಡಿಯವನ ಮಾತು ಸಣ್ಣಮ್ಮನಿಗೆ ಅರ್ಧ ಕೇಳಿಸಿತ್ತು, ಪೂರ್ತಿ ನಾಟಿತ್ತು. ಮಷೀನನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟಳು. "ಹೋಗ್ಲಿ ಬುಡಪ್ಪ. ನನ್ ಕಿವಿಯೇ ಹಾಳಾಗದೆ. ಮಷೀನೇನ್ ಮಾಡ್ತದೆ," ಅಂದಳು.

ಅದಾದ ಕೆಲವು ದಿನಕ್ಕೆ ಶುಕ್ರವಾರದ ಸಂತೆಗೆ ಹೋದವಳು ಸೊಪ್ಪು ಆರಿಸಲು ಬಗ್ಗಿ ನಿಂತಿದ್ದಳು. ತರಕಾರಿ ವ್ಯಾನೊಂದು ಹಿಂದಕ್ಕೆ ಬಂತು. ಹಾರ್ನ್ ಹೊಡೆದರು, ಜನ ಕೂಗಿದರು. ಸಣ್ಣಮ್ಮನಿಗೆ ಯಾವುದೂ ಕೇಳಿಸಲಿಲ್ಲ. ಯಾರೋ ತೋಳು ಹಿಡಿದು ಎಳೆದದ್ದರಿಂದ ಜೀವ ಉಳಿಯಿತು. ಮೊಣಕೈ ತರಚಿತು, ಚೀಲ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಯಿತು.

"ಇನ್ಮೇಲೆ ಒಬ್ಬಳೇ ಹೊರಗೆ ಹೋಗಬೇಡ ಅಮ್ಮ," ಅಂದ ಶ್ರೀನಾಥ. ಸಣ್ಣಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಳು. ಬೀದಿ ಕಣ್ಣೆದುರಿಗೇ ಇತ್ತು. ಆದರೆ ಇಳಿಯುವ ಹಾಗಿರಲಿಲ್ಲ.

ಮೇಲಿನ ಮನೆಯ ಉಮಾಮಹೇಶ್ವರಿ ವಿಷಯ ತಿಳಿದು ನೋಡಲು ಬಂದಳು. ಹುಬ್ಬಳ್ಳಿ ಕಡೆಯ ಹೆಂಗಸು. ಬಜಾರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ನಡೆಸುವವಳು. ಭಾನುವಾರವಾದ್ದರಿಂದ ಎಲ್ಲರೂ ಮನೆಯಲ್ಲಿದ್ದರು.

"ಮಷೀನ್ ಇದ್ದೂ ಯಾಕ ಹಾಕ್ಕೊಂಡಿಲ್ರೀ ಅವ್ವಾರ?" ಎಂದು ಸಣ್ಣಮ್ಮನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು.

"ನನ್ ಕಿವಿ ಸರಿಯಿಲ್ಲ ಕಣವ್ವ. ಅಂಗ್ಡಿಯವ್ನೇ ಅಂದ."

"ಅಂವ ಏನ್ ಡಾಕ್ಟರ? ತರ್ರಿ ಇಲ್ಲಿ. ನನ್ನ ಕಿವಿ ಚಲೋ ಐತಲ್ಲ, ನಾ ನೋಡ್ತೀನಿ."

ಉಮಾಮಹೇಶ್ವರಿ ಮಷೀನನ್ನು ಒರೆಸಿ ತನ್ನ ಕಿವಿಗೆ ಸಿಕ್ಕಿಸಿಕೊಂಡಳು. ನಂದಿತಾ ಮಾತಾಡುತ್ತಾ ಹೋದಳು. ಉಮಾಮಹೇಶ್ವರಿ ತಲೆಯಾಡಿಸುತ್ತಿದ್ದವಳು ಒಮ್ಮೆಲೇ ಮುಖ ಕಿವುಚಿದಳು. ಚಟಪಟ ಸದ್ದು. ಆಮೇಲೆ ಏನೂ ಇಲ್ಲ. ಶ್ರೀನಾಥನೂ ಹಾಕಿಕೊಂಡು ನೋಡಿದ. ಅವನಿಗೂ ಅದೇ ಕಥೆ.

"ಅವ್ವಾರ, ಕೆಟ್ಟದ್ದು ನಿಮ್ಮ ಕಿವಿ ಅಲ್ಲ, ಈ ಮಷೀನು," ಎಂದು ಉಮಾಮಹೇಶ್ವರಿ ಎರಡೆರಡು ಸಲ ಕೂಗಿ ಹೇಳಿದಳು. ಸಣ್ಣಮ್ಮ ಮಗನ ಮುಖ ನೋಡಿದಳು. ಅವನು ಹೌದೆಂದು ತಲೆಯಾಡಿಸಿದ. ಇಷ್ಟು ದಿನ ತನ್ನನ್ನೇ ಬೈದುಕೊಂಡಿದ್ದವಳಿಗೆ ಈಗ ಸಿಟ್ಟು ಬಂತು.

"ಆದರೆ ಏನು ಮಾಡೋಕಾಗುತ್ತೆ ಅಕ್ಕ?" ಅಂದ ಶ್ರೀನಾಥ. "ವಾಪಸು ತಗೊಳ್ಳಲ್ಲ ಅಂತ ಬಿಲ್ಲಲ್ಲೇ ಬರೆದಿದೆ."

"ಅದು ಅಂಗಡಿಯವ ತಾನೇ ಅಚ್ಚು ಹಾಕಿಸಿದ ಸಾಲು ತಮ್ಮಾ, ಸರ್ಕಾರದ ಕಾಯ್ದೆ ಅಲ್ಲ. ಸೀರಿ ಬಣ್ಣ ಮನಸಿಗೆ ಬರಲಿಲ್ಲಂತ ತಿರುಗಿ ಕೊಟ್ಟರ ಒಲ್ಲೆ ಅನ್ನಬಹುದು. ಕೆಟ್ಟ ಮಾಲ್ ಕೊಟ್ಟು ಆ ಸಾಲಿನ ಹಿಂದ ಅಡಗಾಕ ಬರಂಗಿಲ್ಲ. ನಾನೂ ಅಂಗಡ್ಯಾಗ ಕುಂದ್ರಾಕಿನ. ಕುಕ್ಕರ್ ಕೆಟ್ಟದ್ದು ಬಂದರ ಬದಲಿ ಕೊಡ್ತೀನಿ, ಕಂಪನಿ ಜೋಡಿ ಜಗಳ ನಾ ಆಡ್ತೀನಿ. ಗಿರಾಕಿಗೆ ಅದ್ರಾಗ ಏನ್ ಸಂಬಂಧ?"

"ಕೋರ್ಟು, ವಕೀಲರು ಅಂತ ಅಲೆಯೋಕೆ ನನಗೆ ರಜ ಎಲ್ಲಿದೆ?"

"ಮೊದಲ ಕೋರ್ಟಿಗೆ ಯಾಕ ಹೋಗ್ತಿ? ದವಾಖಾನ್ಯಾಗ ತೋರಿಸಿ, ಮಷೀನ್ ಕೆಟ್ಟೈತಿ ಅಂತ ಬರಸ್ಕೊಂಡು ಬಾ. ಅಂಗಡಿಗೆ ಒಂದು ಪತ್ರ ಬರಿ. ಬಿಲ್ಲು, ಗ್ಯಾರಂಟಿ ಕಾರ್ಡು ಎರಡರದೂ ಜೆರಾಕ್ಸ್ ಇಡು. ಅಸಲು ಮಾತ್ರ ಕೈ ಬಿಡಬ್ಯಾಡ. ರಿಜಿಸ್ಟರ್ ಪೋಸ್ಟಿನ್ಯಾಗ ಕಳಿಸು, ಮುಟ್ಟಿದ್ದಕ್ಕ ಅವರ ಸಹಿ ತಿರುಗಿ ಬರಬೇಕು. ಅದಕ್ಕೂ ಬಗ್ಗಲಿಲ್ಲಂದ್ರ ತೀರ್ಪು ಕೊಡಾಕ ಸರ್ಕಾರದ್ದ ಗ್ರಾಹಕರ ವೇದಿಕೆ ಐತಿ. ವಕೀಲರು ಬೇಕಂತಿಲ್ಲ. ಬಿಳಿ ಹಾಳ್ಯಾಗ ದೂರು ಬರದು ಕೊಟ್ಟರ ಆತು."

ಶ್ರೀನಾಥ ಇನ್ನೂ ಯೋಚಿಸುತ್ತಿದ್ದ. ನಂದಿತಾ ಅತ್ತೆಯ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಸಣ್ಣಮ್ಮ ಎದ್ದು ನಿಂತಳು.

"ನಿಂಗೆ ರಜ ಇಲ್ದಿದ್ರೆ ಬ್ಯಾಡಪ್ಪ. ನಾನೂ ನಂದಿತಾನೂ ಹೋಯ್ತೀವಿ. ನನ್ ಕಿವೀನ ಬೈದವ್ನೆ ಅವ್ನು. ಸುಮ್ನೆ ಬುಡಾಕಿಲ್ಲ."

ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಡಾಕ್ಟರಮ್ಮ ತಮ್ಮಲ್ಲಿದ್ದ ಬೇರೆ ಮಷೀನು ಹಾಕಿ, ಮೂರು ಮಾರು ದೂರ ನಿಂತು ಮೆಲ್ಲಗೆ ಹೆಸರು ಕರೆದರು. ಸಣ್ಣಮ್ಮ ಥಟ್ಟನೆ ತಿರುಗಿದಳು. ಕಿವಿ ಮೊದಲಿನಷ್ಟೇ ಇದೆ, ಮಷೀನಿನ ಒಳಗೆ ದೋಷವಿದೆ ಎಂದು ಡಾಕ್ಟರಮ್ಮ ಬರೆದು ಸಹಿ ಹಾಕಿದರು. ಅದರ ಪ್ರತಿಯೊಂದಿಗೆ ಪತ್ರ ಅಂಗಡಿಗೆ ಹೋಯಿತು. ಮುಟ್ಟಿದ ಸಹಿ ಬಂತು, ಉತ್ತರ ಬರಲಿಲ್ಲ. ಪತ್ರದಲ್ಲಿ ಕೊಟ್ಟ ಗಡುವು ಮುಗಿದ ಮೇಲೆ ಅತ್ತೆ ಸೊಸೆ ಬಸ್ಸು ಹತ್ತಿ ಹೋಗಿ ಗ್ರಾಹಕರ ವೇದಿಕೆಯಲ್ಲಿ ದೂರು ಕೊಟ್ಟು ಬಂದರು.

ಕೆಲವು ತಿಂಗಳು ಹಿಡಿಯಿತು. ಒಂದೆರಡು ಬಾರಿ ಅಂಗಡಿಯವರು ಬಾರದೆ ವಿಚಾರಣೆ ಮುಂದಕ್ಕೆ ಹೋಯಿತು. ಶ್ರೀನಾಥ "ನಾನು ಹೇಳಲಿಲ್ವಾ" ಅಂದ. ಸಣ್ಣಮ್ಮ ಮುಂದಿನ ತಾರೀಖಿಗೂ ಬಸ್ಸು ಹತ್ತಿದಳು. ಕೊನೆಯ ವಿಚಾರಣೆಗೆ ಅವನೂ ರಜ ಹಾಕಿ ಬಂದ. ಅಂಗಡಿಯ ವಕೀಲರು ಎದ್ದು, ಮಷೀನಿನಲ್ಲಿ ದೋಷವಿಲ್ಲ, ಮುದುಕಿ ಬೀಳಿಸಿರಬೇಕು ಎಂದರು. ವೇದಿಕೆಯ ಅಧ್ಯಕ್ಷರು ಡಾಕ್ಟರಮ್ಮನ ಚೀಟಿಯನ್ನು ಓದಿ, "ನೀವೇನಾದರೂ ಹೇಳುವುದಿದೆಯಾ ಅಮ್ಮ?" ಎಂದು ಕೇಳಿದರು. ನಂದಿತಾ ಅದನ್ನು ಅತ್ತೆಯ ಕಿವಿಗೆ ಮುಟ್ಟಿಸಿದಳು.

ಸಣ್ಣಮ್ಮ ಸಂತೆಯಲ್ಲಿ ಕಲಿತ ತಮಿಳಿಗೆ ತನ್ನ ಕನ್ನಡ ಬೆರೆಸಿ ನಿಧಾನವಾಗಿ ಹೇಳಿದಳು. "ಅಯ್ಯಾ, ನನ್ ಕಿವಿ ಕೇಳಲ್ಲ ಅಂತ ನಂಗೊತ್ತು. ಅದ್ಕೇ ಕಾಸು ಕೊಟ್ಟು ಇನ್ನೊಂದು ಕಿವಿ ತಗೊಂಡೆ. ಅದೂ ಕೇಳಲ್ಲ ಅಂದ್ಮೇಲೆ ಇವ್ರು ನಂಗೇನು ಮಾರಿದ್ರು ಅಂತ ನೀವೇ ಕೇಳಿ."

ಕೋಣೆಯಲ್ಲಿ ಕೂತವರು ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ಅವಳ ಮಾತನ್ನು ಬರೆದುಕೊಂಡರು.

ತೀರ್ಪು ಸಣ್ಣಮ್ಮನ ಕಡೆಗಾಯಿತು. ಅಂಗಡಿಯವರು ಮಷೀನಿನ ಪೂರ್ತಿ ಹಣ ಹಿಂದಿರುಗಿಸಬೇಕು, ಅವಳು ಪಟ್ಟ ಪಾಡಿಗೆ ಪರಿಹಾರ, ಖಟ್ಲೆಯ ಖರ್ಚು ಕೊಡಬೇಕು, ಬಿಲ್ಲಿನ ಆ ಸಾಲನ್ನು ತೆಗೆಯಬೇಕು ಎಂದು ಆದೇಶವಾಯಿತು. ಮೆಟ್ಟಿಲಿಳಿಯುವಾಗ ಸಣ್ಣಮ್ಮ ಯಾರ ಕೈಯನ್ನೂ ಹಿಡಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮುಂದೆ ನಡೆದಳು.

ಚೆಕ್ಕು ಬಂದ ಮೇಲೆ ಹೊಸ ಮಷೀನು ಬಂತು. ಈ ಸಲ ಅಂಗಡಿಯಲ್ಲೇ ಕೂತು ಹಾಕಿ ನೋಡಿ, ಗ್ಯಾರಂಟಿ ಕಾರ್ಡಿಗೆ ತಾರೀಖು, ಮೊಹರು ಹಾಕಿಸಿಕೊಂಡೇ ತಂದರು. ಆ ಸಂಜೆ ಸಣ್ಣಮ್ಮ ಅಡುಗೆಮನೆಯಲ್ಲಿ ಹುರುಳಿ ಆರಿಸುತ್ತಿದ್ದಳು. ಒಳಕೋಣೆಯಲ್ಲಿ ಶ್ರೀನಾಥ ಹೆಂಡತಿಗೆ ಮೆಲುದನಿಯಲ್ಲಿ, "ನನಗಿಲ್ಲದ ಧೈರ್ಯ ಅಮ್ಮನಿಗಿತ್ತು ನೋಡು," ಅಂದ.

"ಕೇಳಿಸ್ತು ಕಣಪ್ಪ," ಅಂದಳು ಸಣ್ಣಮ್ಮ ಅಡುಗೆಮನೆಯಿಂದಲೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕೊಂಡ ಸ್ವಲ್ಪ ದಿನಕ್ಕೇ ಕೆಟ್ಟು ಮೂಲೆ ಸೇರಿದ ವಸ್ತು ಒಂದಾದರೂ ಇದ್ದೀತು. ನಿಮ್ಮ ಕೈಗುಣವನ್ನು ಬೈದುಕೊಳ್ಳಬೇಡಿ. ಏನೇ ಕೊಂಡರೂ ಬಿಲ್ಲು ಕೇಳಿ ಪಡೆಯಿರಿ, ಜೋಪಾನವಾಗಿಡಿ. ರಿಪೇರಿಗೆ ಕೊಟ್ಟರೆ ಕೊಟ್ಟದ್ದಕ್ಕೆ ಚೀಟಿ ಪಡೆಯಿರಿ. ಮೊದಲು ಮಾತಿನಲ್ಲಿ ಕೇಳಿ, ಆಮೇಲೆ ಪತ್ರದಲ್ಲಿ ಕೇಳಿ. ಅದಕ್ಕೂ ಮಣಿಯದಿದ್ದರೆ, ತೊಂದರೆ ಕಂಡ ಎರಡು ವರ್ಷದೊಳಗೆ ನಿಮ್ಮ ಜಿಲ್ಲೆಯ ಗ್ರಾಹಕರ ವೇದಿಕೆಗೆ ದೂರು ಕೊಡಿ. ಹಣ ಕೊಟ್ಟವರು ನೀವು. ಸರಿಯಾದ ವಸ್ತು ಕೇಳುವುದು ಜಗಳವಲ್ಲ, ನಿಮ್ಮ ಹಕ್ಕು. ಇವತ್ತೇ ಆ ಮೂಲೆಯ ವಸ್ತುವನ್ನು ಹೊರಗೆ ತೆಗೆಯಿರಿ, ಬಿಲ್ಲು ಹುಡುಕಿ, ಅಂಗಡಿಗೆ ಹೊರಡಿ.